ಮೇದೋಹರಣವೂ ಮನೆಯವರೂ

ಶರೀರದ ಸಪ್ತಧಾತುಗಳಲ್ಲಿ ಮೇದಸ್ಸು ಒಂದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಅಷ್ಟೌನಿಂದಿತೀಯ’ವೆಂಬ ಅಧ್ಯಾಯವೊಂದುಂಟು. ಲೋಕವು ನಿಂದಿಸುವ ಎಂಟು ಬಗೆಯ ಶರೀರಿಗಳನ್ನು ಅಲ್ಲಿ ಹೆಸರಿಸಿ, ಅವರೊಳಗೆ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಶೇಷವಾಗಿ ವಿಚಾರಿಸಿದೆ. ಸ್ಥೂಲನಿಗೆ ಆಹಾರ, ವ್ಯಾಯಾಮ, ಔಷಧಗಳನ್ನು ವಿಧಿಸಿದ ಆಚಾರ್ಯರು, ಮೇದಸ್ಸನ್ನು ನಳಿಕೆಯಿಂದ ಹೀರಿ ತೆಗೆಯುವ ಕಾಲವನ್ನು ಊಹಿಸಿರಲಾರರು. ಲೈಪೋಸಕ್ಷನ್ ಎಂಬ ಈ ಶಸ್ತ್ರಕ್ರಿಯೆಯನ್ನು ನನ್ನ ತಮ್ಮನ ಮಗಳು ಕಳೆದ ವರ್ಷ ಬೆಂಗಳೂರಿನಲ್ಲಿ ಮಾಡಿಸಿಕೊಂಡಳು. ಆಗ ಹದಿನೈದು ದಿನ ಅವರ ಮನೆಯಲ್ಲಿದ್ದು ಕಂಡದ್ದನ್ನೂ, ವೈದ್ಯರನ್ನು ಕೇಳಿ ತಿಳಿದುದನ್ನೂ, ಇಂಥ ಪ್ರಸಂಗ ಒದಗಬಹುದಾದ ಗೃಹಸ್ಥರ ಉಪಯೋಗಕ್ಕಾಗಿ ಬರೆಯುತ್ತೇನೆ.

ಈ ವಿದ್ಯೆಯ ಪೂರ್ವಚರಿತ್ರೆ ಅಷ್ಟು ಮಂಗಳಕರವಲ್ಲ. 1920ರ ದಶಕದಲ್ಲಿ ಪ್ಯಾರಿಸ್ಸಿನ ದುಜಾರಿಯೇ ಎಂಬ ವೈದ್ಯನು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ಕಾಲು ಕೊಳೆತು, ಅದನ್ನೇ ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ರೋಮಿನ ಫಿಶರ್ ಎಂಬ ತಂದೆಮಕ್ಕಳೂ ಪ್ಯಾರಿಸ್ಸಿನ ಇಲೂಜ಼್ ಎಂಬವರೂ ನಳಿಕೆಯಿಂದ ಹೀರುವ ಕ್ರಮವನ್ನು ಬಳಕೆಗೆ ತಂದರು. ಲವಣಜಲದಲ್ಲಿ ಮರಗಟ್ಟಿಸುವ ಲಿಡೊಕೇಯ್ನನ್ನೂ ರಕ್ತನಾಳಗಳನ್ನು ಸಂಕೋಚಗೊಳಿಸುವ ಅಡ್ರಿನಲಿನ್ನನ್ನೂ ಬೆರೆಸಿ, ಆ ಜಾಗವನ್ನು ಉಬ್ಬಿಸಿ, ಬಳಿಕ ಹೀರುವ ಕ್ರಮವನ್ನು ಅಮೆರಿಕದ ಕ್ಲೈನ್ ಎಂಬ ವೈದ್ಯರು 1987ರಲ್ಲಿ ಪ್ರಕಟಿಸಿದರು. ಇದರಿಂದ ರಕ್ತಸ್ರಾವ ಬಹಳ ಕಡಮೆಯಾಯಿತು.

ಇದು ತೂಕವನ್ನಿಳಿಸುವ ಉಪಾಯವಲ್ಲ. ಪಥ್ಯಕ್ಕೂ ವ್ಯಾಯಾಮಕ್ಕೂ ಕರಗದೆ ಒಂದೆಡೆ ನಿಂತ ಕೊಬ್ಬನ್ನು ತೆಗೆದು ಆಕಾರವನ್ನು ತಿದ್ದುವುದಷ್ಟೆ. ಒಂದೇ ಸಲ ಐದು ಲೀಟರಿಗೆ ಮೀರಿ ತೆಗೆದರೆ ಅಪಾಯ ಹೆಚ್ಚೆಂದು ಎಣಿಸಿ, ಅಂಥವರನ್ನು ರಾತ್ರಿ ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳುತ್ತಾರೆ. ಮಧುಮೇಹ ಇದರಿಂದ ಹೋಗುವುದೆಂಬ ಮಾತು ನಮ್ಮ ಬಂಧುಗಳಲ್ಲೂ ಹಬ್ಬಿತ್ತು. ಅಮೆರಿಕದಲ್ಲಿ ಹದಿನೈದು ಮಂದಿ ಸ್ಥೂಲ ಸ್ತ್ರೀಯರಿಂದ ಸುಮಾರು ಹತ್ತು ಕಿಲೋ ಕೊಬ್ಬನ್ನು ತೆಗೆದು ಪರೀಕ್ಷಿಸಿದಾಗ, ಇನ್ಸುಲಿನ್ನಿನ ಕೆಲಸವಾಗಲಿ ರಕ್ತದ ಒತ್ತಡವಾಗಲಿ ಸುಧಾರಿಸಲಿಲ್ಲವೆಂದು 2004ರಲ್ಲಿ ಪ್ರಕಟವಾಗಿದೆ.

ಇನ್ನು ಮನೆಗೆ ಬಂದ ಮೇಲಿನ ಸಂಗತಿ. ಹುಡುಗಿ ಬಳುಕುವ ಬಳ್ಳಿಯಾಗಿ ಬರುವಳೆಂದು ಕಾದಿದ್ದ ತಾಯಿಯ ಕಣ್ಣಿಗೆ ಬಿದ್ದುದು, ಮೊದಲಿಗಿಂತಲೂ ಊದಿಕೊಂಡ, ಹೊಟ್ಟೆ ತೊಡೆಗಳೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ ಮೈ! ಎರಡು ದಿನ ಗಾಯದ ರಂಧ್ರಗಳಿಂದ ಕೆಂಪುನೀರು ಒಸರಿ ಹಾಸಿಗೆಯನ್ನೆಲ್ಲ ತೊಯ್ಯಿಸಿತು. ಇದು ಆ ಲವಣಜಲವೇ ಹೊರಬರುವುದು, ಗಾಬರಿಗೆ ಕಾರಣವಿಲ್ಲವೆಂದು ವೈದ್ಯರು ತಿಳಿಸಿದರು. ಕಂದಿದ ಬಣ್ಣ ಎರಡು ಮೂರು ವಾರಕ್ಕೆ ಮಾಸುತ್ತದೆ. ಊತವು ವಾರಗಟ್ಟಲೆ ಉಳಿದು, ನಿಜವಾದ ಆಕಾರ ತೋರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಬಿಗಿಯಾದ ಒತ್ತುಡುಪನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತೊಡತಕ್ಕದ್ದು. ನಮ್ಮ ಬೇಸಗೆಯಲ್ಲಿ ಅದೊಂದು ತಪಸ್ಸೇ ಸರಿ. ಚರ್ಮದ ಜೋಮು ಕೆಲವು ತಿಂಗಳಾದರೂ ಇರಬಹುದು. ಭಾರವಾದ ಕೆಲಸ ಕೂಡದು. ಆದರೆ ಮೊದಲ ದಿನದಿಂದಲೇ ಮೆಲ್ಲಗೆ ನಡೆದಾಡಬೇಕು. ಬಾಣಂತಿಯಂತೆ ಮಂಚದಲ್ಲೇ ಮಲಗಿಸಿ ತುಪ್ಪದನ್ನ ಉಣಿಸಬೇಕೆಂಬುದು ಅವಳ ತಾಯಿಯ ಮತ. ನಡೆಸಬೇಕೆಂಬ ನನ್ನ ಮಾತಿಗೆ ಅಡುಗೆಮನೆಯಲ್ಲಿ ಬೆಲೆಯಿರಲಿಲ್ಲ.

ಆದರೆ ತುಪ್ಪಕ್ಕಿಂತ ಕೆಡುಕು ಮಾಡಿದುದು ಮಾತು. ‘ಯಾರು ಮಾಡಿಸಿಕೊ ಎಂದರು? ದುಡ್ಡು ಕೊಟ್ಟು ನೋವು ತಂದೆ!’ ಎಂಬುದು ದಿನಕ್ಕೆ ಹತ್ತು ಸಲ. ಆರನೆಯ ದಿನ ಅವಳು ಎಡಗಾಲನ್ನು ಎಳೆದು ನಡೆಯುತ್ತಿದ್ದುದನ್ನು ಕಂಡು ವಿಚಾರಿಸಿದೆ. ‘ಎರಡು ದಿನದಿಂದ ಮೀನಖಂಡ ನೋಯುತ್ತಿದೆ ದೊಡ್ಡಪ್ಪ, ಅಮ್ಮನಿಗೆ ಹೇಳಬೇಡಿ’ ಎಂದಳು. ಆ ಒಂದು ಕಾಲು ಮಾತ್ರ ಊದಿ ಬಿಸಿಯಾಗಿತ್ತು. ಒಡನೆಯೆ ಕರೆದೊಯ್ದೆವು. ಡಾಪ್ಲರ್ ಪರೀಕ್ಷೆಯಲ್ಲಿ ಕಾಲಿನ ಆಳದ ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು. ಅದು ಕಳಚಿ ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಬೈಗುಳದ ಭಯದಿಂದ ಇನ್ನೆರಡು ದಿನ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೋ! 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ 21 ವರ್ಷದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ತರುವಾಯ ಮೃತಳಾದ ವಾರ್ತೆಯನ್ನು ವಾಚಕರು ಮರೆತಿರಲಾರರು. ಹಾಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ಹೀಯಾಳಿಸುವುದು ಆಗಲೂ ಕೆಲವರಿಗೆ ಸುಲಭವಾಗಿತ್ತು.

ಆಸ್ಪತ್ರೆಯವರು ಕೊಟ್ಟಿದ್ದ ಸೂಚನಾಪತ್ರ ಇಂಗ್ಲಿಷಿನಲ್ಲಿದ್ದುದರಿಂದ ಅವಳ ತಾಯಿ ಅದನ್ನು ಓದಿಯೇ ಇರಲಿಲ್ಲ. ಅಂದು ರಾತ್ರಿ ಕುಳಿತು ಕನ್ನಡಕ್ಕೆ ತಿರುಗಿಸಿದೆ: ಏದುಸಿರು, ಎದೆನೋವು, ಒಂದೇ ಕಾಲಿನ ಊತ, ಚಳಿಜ್ವರ, ಕೀವು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಪ್ರಜ್ಞೆ ಮಸುಕಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯತಕ್ಕದ್ದಲ್ಲ. ಕೆಳಗೆ ವೈದ್ಯರ ದೂರವಾಣಿಯ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ. ಅವಳ ತಾಯಿ ಅದನ್ನು ಎರಡು ಸಲ ಓದಿದರು. ಆಮೇಲೆ ಮಗಳ ಕೋಣೆಗೆ ಹೋಗಿ, ಏನೂ ಮಾತಾಡದೆ, ಅವಳ ಕಾಲ ಬಳಿ ಕುಳಿತರು. ರಕ್ತವನ್ನು ತಿಳಿಗೊಳಿಸುವ ಮಾತ್ರೆಗಳನ್ನು ಮೂರು ತಿಂಗಳು ಹೊತ್ತು ತಪ್ಪದೆ ಕೊಟ್ಟವರು ಅವರೇ.