ಜುಲೈ ಕೊನೆಯ ಜಾತ್ರೆ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವರು ಇಳಿವಯಸ್ಸಿನಲ್ಲಿ ಚೆಂಡಾಟದ ವಿಷಯವನ್ನು ಬರೆಯಹೊರಟರೆ ವಾಚಕ ಮಹಾಶಯರು ನಗುವುದು ಸಹಜವೇ ಸರಿ. ನಮ್ಮ ಮನೆಯವರೂ ನಕ್ಕರು. ಆದರೆ ನಾವು ಹೇಳಹೊರಟಿರುವುದು ಆಟಕ್ಕಿಂತ ಹೆಚ್ಚಾಗಿ ಮಾರಾಟಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ಬೆಳೆದುದನ್ನು ಮಾರುವಾಗ ಆಗುವ ಸಂಕಟವನ್ನು ಸಂಸಾರಿಗಳೆಲ್ಲರೂ ಬಲ್ಲರು. ಆ ಧೈರ್ಯದಿಂದ ಲೇಖನಿಯನ್ನು ಹಿಡಿದಿದ್ದೇವೆ.

2024ನೆಯ ಇಸವಿಯಲ್ಲಿ ಕೆಲಸದಿಂದ ನಿವೃತ್ತರಾದ ಮೇಲೆ, ಅಮೆರಿಕಾ ದೇಶದ ಷಿಕಾಗೊ ನಗರದಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದೆವು. ಅಲ್ಲಿ ಹತ್ತು ವರ್ಷದ ಮೊಮ್ಮಗನು ನಮ್ಮ ಗುರುವಾದನು. ಬೇಸ್‌ಬಾಲ್ ಎಂಬುದು ಅವನಿಗೆ ಆಟವಲ್ಲ, ನಿತ್ಯಕರ್ಮ. ಆ ಊರಿನಲ್ಲಿ ಎರಡು ತಂಡಗಳಿವೆ: ಉತ್ತರದ ಕಡೆಯದು ಕಬ್ಸ್, ದಕ್ಷಿಣದ ಕಡೆಯದು ವೈಟ್ ಸಾಕ್ಸ್. ಅಳಿಯಂದಿರ ಮನೆಯು ದಕ್ಷಿಣಕ್ಕಿರುವುದರಿಂದ ಹುಡುಗನು ಎರಡನೆಯದರ ಭಕ್ತ. ಆ ತಂಡವು ಆ ವರ್ಷ 162 ಪಂದ್ಯಗಳಲ್ಲಿ 121ನ್ನು ಸೋತಿತು. 1900ರಿಂದೀಚೆಗೆ ಯಾವ ತಂಡವೂ ಒಂದು ವರ್ಷದಲ್ಲಿ ಅಷ್ಟನ್ನು ಸೋತಿರಲಿಲ್ಲ. ಜುಲೈ ಕೊನೆಯ ವಾರದಲ್ಲಿ ಒಂದು ಸಾಯಂಕಾಲ ನಮ್ಮನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. 10ನೆಯ ತಾರೀಖಿನಿಂದ ಆರಂಭವಾಗಿದ್ದ ಸೋಲಿನ ಸರಣಿಯು ಮುಂದೆ ಆಗಸ್ಟ್ 5ರವರೆಗೆ, ಒಟ್ಟು 21 ಪಂದ್ಯಗಳವರೆಗೆ ಬೆಳೆಯಿತು. ನಾವು ನೋಡಿದ್ದು ಅದರ ನಡುವಿನ ಒಂದು ಮಣಿ. ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಪ್ರತಿಯೊಂದು ಎಸೆತವನ್ನೂ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಿದ್ದರು. ಸೋಲುವ ಪಂದ್ಯಕ್ಕೂ ಲೆಕ್ಕವಿಡುವವರಿದ್ದಾರಲ್ಲಾ ಎಂದು ಮೇಷ್ಟರಾದ ನಮಗೆ ಬಹಳ ಸಂತೋಷವಾಯಿತು.

ಮೈದಾನದಲ್ಲಿ ಯಾರು ಏನು ಮಾಡಿದರೂ ನಮ್ಮ ಹುಡುಗನ ಕಣ್ಣು 74ನೆಯ ಸಂಖ್ಯೆಯ ಅಂಗಿಯನ್ನೇ ಹುಡುಕುತ್ತಿತ್ತು. ಅದು ಎಲಾಯ್ ಹಿಮೆನೆಜ್ ಎಂಬ ದಾಂಡಿಗನ ಸಂಖ್ಯೆ. ಹುಡುಗನು ತೊಟ್ಟಿದ್ದ ಅಂಗಿಯ ಬೆನ್ನಿನ ಮೇಲೂ ಅದೇ ಸಂಖ್ಯೆ, ಅದೇ ಹೆಸರು.

ಇನ್ನು ಜಾತ್ರೆಯ ವಿಚಾರ. ಆ ದೇಶದ ದೊಡ್ಡ ಪಂಕ್ತಿಯಲ್ಲಿ ಮೂವತ್ತು ತಂಡಗಳಿದ್ದು, 2022ರಿಂದೀಚೆಗೆ ಹನ್ನೆರಡು ತಂಡಗಳು ಕೊನೆಯ ಸುತ್ತಿನ ಪಂದ್ಯಗಳಿಗೆ ಹೋಗುತ್ತವೆ. ಜುಲೈ ಮುಗಿಯುವ ಹೊತ್ತಿಗೆ ಯಾರಿಗೆ ಆಸೆಯಿದೆ, ಯಾರಿಗಿಲ್ಲ ಎಂಬುದು ಬಹುಮಟ್ಟಿಗೆ ತಿಳಿದುಹೋಗಿರುತ್ತದೆ. ತಂಡಗಳು ಆಟಗಾರರನ್ನು ಪರಸ್ಪರ ವಿನಿಮಯಮಾಡಿಕೊಳ್ಳುವುದಕ್ಕೆ ಆಗ ಒಂದು ಗಡುವು ಬರುತ್ತದೆ. ಹಿಂದೆ ಅದು ಜೂನ್ 15 ಆಗಿತ್ತು. 1986ರಿಂದ ಜುಲೈ ಕೊನೆಗೆ ಬಂದಿತು. ಆಗಸ್ಟಿನಲ್ಲಿ ಒಂದು ಹಿತ್ತಿಲಬಾಗಿಲು ತೆರೆದೇ ಇದ್ದಿತು. 2019ರಲ್ಲಿ ಅದನ್ನೂ ಮುಚ್ಚಿದರು. ನಾವಿದ್ದ ವರ್ಷ ಜುಲೈ 30ರಂದು ಷಿಕಾಗೊ ಗಡಿಯಾರದಲ್ಲಿ ಸಂಜೆ ಐದು ಹೊಡೆದಾಗ ಸಂತೆ ಮುಗಿಯಿತು. ಗೆಲ್ಲುವ ಆಸೆಯುಳ್ಳವರು ಈ ವರ್ಷಕ್ಕೆ ಬೇಕಾದ ಪಳಗಿದ ಆಟಗಾರನನ್ನು ಕೊಳ್ಳುತ್ತಾರೆ. ಆಸೆಯಿಲ್ಲದವರು ಅವನನ್ನು ಕೊಟ್ಟು, ಸಣ್ಣ ಪಂಕ್ತಿಗಳಲ್ಲಿ ಇನ್ನೂ ಕಲಿಯುತ್ತಿರುವ ಎಳೆಯರನ್ನು ತೆಗೆದುಕೊಳ್ಳುತ್ತಾರೆ. ಆಟಗಾರನ ಒಪ್ಪಿಗೆಯನ್ನು ಕೇಳುವ ಪದ್ಧತಿಯಿಲ್ಲ. ದೊಡ್ಡ ಪಂಕ್ತಿಯಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಆಡಿದವನು, ಇಲ್ಲವೆ ಒಪ್ಪಂದದಲ್ಲೇ ಬರೆಯಿಸಿಕೊಂಡವನು ಮಾತ್ರ ‘ಒಲ್ಲೆ’ ಎನ್ನಬಲ್ಲನು. ಹೊಸದಾಗಿ ಬಂದವನು ಆರು ವರ್ಷಗಳ ಸೇವೆ ತುಂಬುವವರೆಗೆ ತಂಡಕ್ಕೆ ಕಟ್ಟುಬಿದ್ದಿರುತ್ತಾನೆ, ಆಮೇಲೆ ಸ್ವತಂತ್ರ. ಆದುದರಿಂದ ಬೆಲೆಕಟ್ಟುವವರು ಅವನ ಕೈಚಳಕವನ್ನು ನೋಡುವಷ್ಟೇ ಶ್ರದ್ಧೆಯಿಂದ, ಕಟ್ಟು ಕಳಚಲು ಇನ್ನೆಷ್ಟು ವರ್ಷ ಉಳಿದಿದೆಯೆಂಬುದನ್ನೂ ಎಣಿಸುತ್ತಾರೆ.

ಅಳಿಯಂದಿರು ಇದನ್ನು ವಿವರಿಸುತ್ತಿರುವಾಗ ನಮಗೆ ಥಟ್ಟನೆ ನೆನಪಾದದ್ದು ಹಲ್ಲು ನೋಡುವುದು. ನಮಗೂ ಹತ್ತು ವರ್ಷವಿದ್ದಾಗ ತಂದೆಯವರು ಪೌರೋಹಿತ್ಯದ ಜೊತೆಗೆ ಸ್ವಲ್ಪ ಹೊಲವನ್ನೂ ಮಾಡಿಸುತ್ತಿದ್ದರು. ಮನೆಯಲ್ಲಿ ರಾಮ ಲಕ್ಷ್ಮಣರೆಂಬ ಹಳ್ಳಿಕಾರ್ ಜೋಡಿಯಿತ್ತು. ಮಳೆ ಹೋದ ಒಂದು ವರ್ಷ ಅವರು ಆ ಜೋಡಿಯನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದರು. ನಾವೂ ಹಿಂದೆ ನಡೆದೆವು. ದಳ್ಳಾಳಿಯು ಎತ್ತಿನ ತುಟಿಯನ್ನೆತ್ತಿ ಹಲ್ಲೆಣಿಸಿ, ಟವಲಿನ ಕೆಳಗೆ ತಂದೆಯವರ ಬೆರಳುಗಳನ್ನು ಹಿಡಿದು, ಯಾರಿಗೂ ಕೇಳಿಸದಂತೆ ವ್ಯಾಪಾರವನ್ನು ಮುಗಿಸಿದನು. ಬಾಯಿಗೂಡಿದ ಎತ್ತುಗಳನ್ನು ಕೊಟ್ಟು ಹಾಲುಹಲ್ಲಿನ ಎರಡು ಕರುಗಳನ್ನೂ ಮಿಕ್ಕ ಹಣದಿಂದ ಮೇವನ್ನೂ ತಂದದ್ದಾಯಿತು. ತಂದೆಯವರು ಹಳೆಯ ಹಗ್ಗಗಳನ್ನು ಮಾತ್ರ ಕೊಡದೆ ಹೆಗಲ ಮೇಲೆ ಹಾಕಿಕೊಂಡು ಬಂದರು. ಎರಡು ದಿನ ಅನ್ನವನ್ನು ಮುಟ್ಟದಿದ್ದ ನಮಗೆ ಅವರು ಹೇಳಿದ್ದು ಇಷ್ಟೆ: “ಬರಗಾಲದಲ್ಲಿ ಬಲವಾದ ಎತ್ತು ಏನನ್ನು ಉಳಬೇಕು? ಮುಂದಿನ ಮಳೆ ಬರುವ ಹೊತ್ತಿಗೆ ಅವು ಮುದಿಯಾಗಿರುತ್ತವೆ, ಇವು ಬೆಳೆದಿರುತ್ತವೆ.”

ಆ ಒಂದು ಮಾತಿನಲ್ಲಿ ತಂಡವನ್ನು ಮರಳಿ ಕಟ್ಟುವವರ ಶಾಸ್ತ್ರವೆಲ್ಲವೂ ಅಡಗಿದೆ. ನೂರು ಪಂದ್ಯ ಸೋಲುವ ತಂಡದಲ್ಲಿ ಮಹಾಶೂರನೊಬ್ಬನಿದ್ದರೆ ಅವನ ಶೌರ್ಯದಿಂದ ಸೋಲು ತೊಂಬತ್ತೈದಕ್ಕೆ ಇಳಿಯಬಹುದು, ಅಷ್ಟೆ. ಅರ್ಧವನ್ನು ಬಿಟ್ಟು ಅರ್ಧವನ್ನು ಉಳಿಸಿಕೊಳ್ಳುವ ನೀತಿಯನ್ನು ತರಗತಿಯಲ್ಲಿ ನಾವೇ ನೂರು ಸಲ ಪಾಠ ಹೇಳಿದ್ದೇವೆ.

ಈ ನೀತಿಯು ಫಲಿಸಿದ್ದಕ್ಕೆ ಅದೇ ಊರಿನ ಉತ್ತರದ ತಂಡವೇ ಸಾಕ್ಷಿ. ಕಬ್ಸ್ ತಂಡವು 1908ರಿಂದ ವಿಶ್ವಸರಣಿಯನ್ನು ಗೆದ್ದಿರಲಿಲ್ಲ. 2011ರ ಕೊನೆಯಲ್ಲಿ ಥಿಯೊ ಎಪ್‌ಸ್ಟೀನ್ ಎಂಬವರು ಅದರ ಆಡಳಿತಕ್ಕೆ ಬಂದರು. 2012ರಲ್ಲಿ ತಂಡವು 101 ಪಂದ್ಯಗಳನ್ನು ಸೋತಿತು. ಆ ಜುಲೈನಲ್ಲಿ ರಯಾನ್ ಡೆಂಪ್‌ಸ್ಟರ್ ಎಂಬ ಹಿರಿಯ ಎಸೆತಗಾರನನ್ನು ಅಟ್ಲಾಂಟಾಕ್ಕೆ ಕೊಡಹೋದರೆ ಅವರು ತಮ್ಮ ಹಕ್ಕನ್ನು ಹಿಡಿದು ‘ಒಲ್ಲೆ’ನೆಂದರು. ಗಡುವಿನ ದಿನ ಟೆಕ್ಸಾಸ್‌ಗೆ ಒಪ್ಪಿದರು. ಬದಲಿಗೆ ಬಂದವರಿಬ್ಬರಲ್ಲಿ ಕೈಲ್ ಹೆಂಡ್ರಿಕ್ಸ್ ಒಬ್ಬ. ಮರುವರ್ಷ, ಒಂದು ವರ್ಷದ ಒಪ್ಪಂದದ ಮೇಲೆ ತಂದಿದ್ದ ಸ್ಕಾಟ್ ಫೆಲ್ಡ್‌ಮನ್ ಎಂಬವನನ್ನು ಜುಲೈ 2ರಂದೇ ಬಾಲ್ಟಿಮೋರ್‌ಗೆ ಕೊಟ್ಟು, ಅಲ್ಲಿ ಏಳದೆ ಬೀಳುತ್ತಿದ್ದ ಜೇಕ್ ಅರಿಯೆಟಾನನ್ನು ತಂದರು. ಬಡಕಲು ಎತ್ತನ್ನು ಕೊಂಡು ಮೇಯಿಸಿ ಜಾತ್ರೆಯಲ್ಲಿ ಮಾರುವ ನಮ್ಮ ಕಡೆಯ ರೈತರ ಜಾಣತನವೇ ಇದು. ಜಾತ್ರೆಯ ಕೊನೆಯ ದಿನಕ್ಕೆ ಕಾಯದೆ ಮೊದಲೇ ಮಾರಿದರೆ ಕೊಳ್ಳುವವನಿಗೂ ಹೆಚ್ಚು ದಿನ ದುಡಿಸಿಕೊಳ್ಳುವ ಲಾಭವುಂಟು, ಬೆಲೆಯೂ ಏರುತ್ತದೆ. 2014ರ ಜುಲೈ ಮೊದಲ ವಾರದಲ್ಲಿ ಇಬ್ಬರು ಎಸೆತಗಾರರನ್ನು ಓಕ್‌ಲೆಂಡ್‌ಗೆ ಕೊಟ್ಟು ಅಡಿಸನ್ ರಸೆಲ್ ಮೊದಲಾದವರನ್ನು ತಂದರು. 2015ರಲ್ಲಿ ಅರಿಯೆಟಾ ವರ್ಷದ ಶ್ರೇಷ್ಠ ಎಸೆತಗಾರನೆಂಬ ಪ್ರಶಸ್ತಿಯನ್ನು ಪಡೆದನು. 2016ರಲ್ಲಿ, 108 ವರ್ಷಗಳ ಮೇಲೆ, ತಂಡವು ಗೆದ್ದಾಗ ಏಳನೆಯ ಪಂದ್ಯದಲ್ಲಿ ಮೊದಲ ಚೆಂಡನ್ನು ಹಿಡಿದವನು ಹೆಂಡ್ರಿಕ್ಸ್. ನಾಲ್ಕು ವರ್ಷಗಳ ಹಿಂದಿನ ಒಂದು ಸಂಜೆಯ ಕರು!

ಮಾರದೆ ಉಳಿದವರ ಗತಿಯೂ ನೋಡತಕ್ಕದ್ದೇ. 2023ರಲ್ಲಿ ಏಂಜಲ್ಸ್ ಎಂಬ ತಂಡದಲ್ಲಿ ಜಪಾನಿನ ಷೊಹೆಯ್ ಒಟಾನಿ ಇದ್ದನು. ವರ್ಷದ ಕೊನೆಗೆ ಅವನ ಕಟ್ಟು ಕಳಚುವುದಿತ್ತು. ಅವನನ್ನು ಮಾರುವುದಿಲ್ಲವೆಂದು ಹಟತೊಟ್ಟು, ತಾವೇ ಇದ್ದಬದ್ದ ಎಳೆಯರನ್ನು ಕೊಟ್ಟು ಇನ್ನಷ್ಟು ಹಿರಿಯರನ್ನು ಕೊಂಡರು. ಆಗಸ್ಟ್ ಕಳೆಯುವುದರೊಳಗೆ ತಂಡವು ಕುಸಿದು, ಕೊಂಡವರಲ್ಲಿ ಹಲವರನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಡಿಸೆಂಬರಿನಲ್ಲಿ ಒಟಾನಿಯು 70 ಕೋಟಿ ಡಾಲರುಗಳ ಒಪ್ಪಂದಕ್ಕೆ ಸಹಿಹಾಕಿ ಡಾಡ್ಜರ್ಸ್ ತಂಡಕ್ಕೆ ಹೋದನು. ಎತ್ತೂ ಇಲ್ಲ, ಕರುವೂ ಇಲ್ಲ.

ಇಷ್ಟನ್ನೂ ತಿಳಿದುಕೊಂಡು ನಾವು ಪಂಡಿತರಾಗಿದ್ದೆವು. ಜುಲೈ 30ರ ಸಂಜೆ ಸುದ್ದಿ ಬಂದಿತು: ಹಿಮೆನೆಜನನ್ನು ಬಾಲ್ಟಿಮೋರ್‌ಗೆ ಕೊಟ್ಟಿದ್ದಾರೆ, ಬದಲಿಗೆ ಸಣ್ಣ ಪಂಕ್ತಿಯ ಒಬ್ಬ ಎಸೆತಗಾರ. ಹುಡುಗನು ಅಂಗಿಯನ್ನು ಬಿಚ್ಚಲಿಲ್ಲ, ಊಟಕ್ಕೂ ಬರಲಿಲ್ಲ. ಅವನ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತು, ಬರಗಾಲದ ಎತ್ತಿನ ಕಥೆಯನ್ನು, ನಮ್ಮ ತಂದೆಯವರ ಮಾತನ್ನು, ಬಹುಶಃ ಅವರದೇ ಧ್ವನಿಯಲ್ಲಿ ಹೇಳಿದೆವು.

ಹುಡುಗನು ಗೋಡೆಯ ಕಡೆ ತಿರುಗಿಕೊಂಡೇ ಕೇಳಿದನು: “ತಾತ, ಇವನೇ ಆ ಕರು ಅಲ್ಲವಾ?”

ನಮಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅವನ ಮಾತು ನಿಜ. ಈ ತಂಡವು ಒಂದು ಸಲ ಆಗಲೇ ಮರಳಿ ಕಟ್ಟಿಕೊಂಡದ್ದಾಗಿತ್ತು. 2016ರ ಡಿಸೆಂಬರಿನಲ್ಲಿ ಕ್ರಿಸ್ ಸೇಲ್ ಎಂಬ ಶ್ರೇಷ್ಠ ಎಸೆತಗಾರನನ್ನು ಬಾಸ್ಟನ್‌ಗೆ ಕೊಟ್ಟು ಯೋವಾನ್ ಮೊಂಕಾಡಾ, ಮೈಕೆಲ್ ಕೋಪೆಕ್ ಮೊದಲಾದ ನಾಲ್ವರನ್ನು ತಂದರು. 2017ರ ಜುಲೈನಲ್ಲಿ ಹೊಸೆ ಕಿಂಟಾನಾನನ್ನು ನೆರೆಯ ಕಬ್ಸ್‌ಗೆ ಕೊಟ್ಟು ಹಿಮೆನೆಜ್, ಡಿಲನ್ ಸೀಸ್ ಮೊದಲಾದವರನ್ನು ಪಡೆದರು. ಕರುಗಳು ಬೆಳೆದವು. 2019ರಲ್ಲಿ ಹಿಮೆನೆಜನು ಮೊದಲನೆಯ ವರ್ಷದಲ್ಲೇ 31 ಹೋಂರನ್ ಹೊಡೆದನು. 2020, 2021ರಲ್ಲಿ ತಂಡವು ಕೊನೆಯ ಸುತ್ತಿಗೆ ಹೋಗಿ ಎರಡು ಸಲವೂ ಮೊದಲ ಮೆಟ್ಟಿಲಲ್ಲೇ ಎಡವಿತು. 2022ರಲ್ಲಿ ಗೆಲವು ಸೋಲು ಸರಿಸಮ. 2023ರಲ್ಲಿ 101 ಸೋಲು. ಮತ್ತೆ ಸಂತೆ. ಸೀಸನನ್ನು 2024ರ ಮಾರ್ಚಿನಲ್ಲಿ ಕೊಟ್ಟರು, ಕೋಪೆಕನನ್ನು ಜುಲೈ 29ರಂದು, ಹಿಮೆನೆಜನನ್ನು ಮರುದಿನ. ವರ್ಷದ ಕೊನೆಗೆ ಮೊಂಕಾಡಾನನ್ನೂ ಬಿಟ್ಟರು. ಕೋಪೆಕನು ಹೋದ ಡಾಡ್ಜರ್ಸ್ ತಂಡವು ಅದೇ ವರ್ಷ ವಿಶ್ವಸರಣಿಯನ್ನು ಗೆದ್ದಿತು.

ವ್ಯಾಕರಣದಲ್ಲಿ ಒಂದು ವರ್ಣವು ಹೋಗಿ ಅದರ ಸ್ಥಾನದಲ್ಲಿ ಮತ್ತೊಂದು ಬಂದರೆ ಆದೇಶವೆನ್ನುತ್ತೇವೆ. ಬಂದದ್ದು ಬಹುಮಟ್ಟಿಗೆ ಹೋದದ್ದರ ಧರ್ಮವನ್ನೇ ತಾಳುತ್ತದೆ. ಏನೂ ಬಾರದಿದ್ದರೆ ಅದು ಲೋಪ. ಮರಳಿ ಕಟ್ಟುತ್ತೇವೆನ್ನುವ ಯಜಮಾನರು ಆದೇಶವೆಂದು ಡಂಗುರ ಹೊಡೆದು ಎಷ್ಟೋ ಸಲ ಲೋಪವನ್ನೇ ಮಾಡಿ ಮುಗಿಸುತ್ತಾರೆ. ಸೋತವನಿಗೆ ಹೊಸ ಹುಡುಗರನ್ನು ಆರಿಸುವಾಗ ಮುಂದಿನ ಸರದಿ ಸಿಗುವುದೆಂಬ ಒಂದು ಸಮಾಧಾನವಿರುತ್ತಿತ್ತು. ಬೇಕೆಂದೇ ಸೋಲುವವರನ್ನು ತಡೆಯಲು ಅದಕ್ಕೂ ಈಗ ಚೀಟಿಯೆತ್ತುವ ಕಟ್ಟಳೆಗಳನ್ನು ತಂದಿದ್ದಾರೆ. ಆ ಕಟ್ಟಳೆಗಳ ಫಲವಾಗಿ, 121 ಸೋಲುಗಳ ಮೇಲೂ ವೈಟ್ ಸಾಕ್ಸ್‌ಗೆ 2025ರಲ್ಲಿ ದೊರೆತದ್ದು ಹತ್ತನೆಯ ಸರದಿ.

ನಮ್ಮ ಮನೆಯ ಕರುಗಳ ಕಥೆಯಲ್ಲಿ ಹುಡುಗನಿಗೆ ಹೇಳದೆ ಉಳಿಸಿಕೊಂಡಿದ್ದ ಭಾಗವನ್ನು ಆ ರಾತ್ರಿ ಹೇಳಬೇಕಾಯಿತು. ಎರಡರಲ್ಲಿ ಒಂದು ಮರುವರ್ಷವೇ ಚಪ್ಪೆರೋಗದಿಂದ ಸತ್ತಿತು. ಉಳಿದದ್ದಕ್ಕೆ ಪಕ್ಕದ ಹೊಲದವರ ಒಂಟಿ ಹೋರಿಯನ್ನು ಜೊತೆಮಾಡಿ, ಎರಡು ಮನೆಯವರೂ ಸರದಿಯ ಮೇಲೆ ಉತ್ತರು. ತಂದೆಯವರ ಲೆಕ್ಕ ತಪ್ಪಲಿಲ್ಲ, ಸರಿಹೋಗಲೂ ಇಲ್ಲ. ಆದರೆ ಆ ಕರುವಿಗೆ ಜ್ವರ ಬಂದ ರಾತ್ರಿ ಅವರು ಕೊಟ್ಟಿಗೆಯಲ್ಲಿಯೇ ಕುಳಿತಿದ್ದರು. ಲಾಟೀನನ್ನು ಹಿಡಿದುಕೊಂಡಿದ್ದವರು ನಾವು. ಇದನ್ನು ಕೇಳಿ ಹುಡುಗನು ಈ ಕಡೆಗೆ ತಿರುಗಿದನು. “ಆ ಹಗ್ಗ ಏನಾಯಿತು?” ಎಂದನು. ಅದು ಬಹಳ ವರ್ಷ ನಡುಮನೆಯ ಗೂಟದಲ್ಲಿದ್ದಿತು. ಆಮೇಲೆ ಮನೆ ಪಾಲಾಯಿತು.

ಆ ತಂಡದವರು ಅಂದು ಒಬ್ಬನನ್ನು ಮಾತ್ರ ಮಾರಲಿಲ್ಲ. ಗ್ಯಾರೆಟ್ ಕ್ರೋಷೆ ಎಂಬ ಎಡಗೈ ಎಸೆತಗಾರ. ಬಹಳ ಜನ ಕೇಳಿದ್ದರು. ಅವನ ಕಟ್ಟು 2026ರವರೆಗೆ ಇದ್ದುದರಿಂದ ಅವಸರವಿರಲಿಲ್ಲ. ಜಾತ್ರೆಗೆ ಹೊಡೆದ ಮಾತ್ರಕ್ಕೆ ಬಂದ ಬೆಲೆಗೆ ಕೊಟ್ಟು ಬರಬೇಕೆಂದೇನೂ ಇಲ್ಲವಷ್ಟೆ. ಇದೊಂದು ವಿಷಯದಲ್ಲಿ ಅವರ ವಿವೇಕವನ್ನು ನಾವು ಮೆಚ್ಚಿದೆವು. ಡಿಸೆಂಬರಿನಲ್ಲಿ ಅವನನ್ನು ಬಾಸ್ಟನ್‌ಗೆ ಕೊಟ್ಟು ನಾಲ್ವರು ಎಳೆಯರನ್ನು ತಂದರು. ಅವರಲ್ಲಿ ಕೈಲ್ ಟೀಲ್ ಎಂಬವನು 2025ರ ಜೂನ್ ತಿಂಗಳಿನಲ್ಲಿ ದೊಡ್ಡ ಪಂಕ್ತಿಗೆ ಬಂದನು. ತಂಡವು ಆ ವರ್ಷವೂ 102 ಪಂದ್ಯಗಳನ್ನು ಸೋತಿತು.

ನಾವು ಊರಿಗೆ ಬಂದ ಮೇಲೂ ಹುಡುಗನು ಭಾನುವಾರ ಭಾನುವಾರ ದೂರವಾಣಿಯಲ್ಲಿ ಮಾತನಾಡುತ್ತಾನೆ. 74ರ ಅಂಗಿಯು ಅವನಿಗೆ ಈಗ ಚಿಕ್ಕದಾಗಿದೆಯಂತೆ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದಾನೆ, ಯಾರಿಗೂ ಕೊಡಗೊಡುವುದಿಲ್ಲವೆಂದು ಅವನ ತಾಯಿ ಹೇಳಿದಳು. ಕಳೆದ ಸಲ ಟೀಲನ ಆಟವನ್ನು ಬಹಳವಾಗಿ ಹೊಗಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಇವನಿಗೆ ಎಷ್ಟು ಹಲ್ಲು?” ಎಂದು ಕೇಳಿದನು.

ನಾವು ಬೆರಳೆಣಿಸಿ, 2031ರವರೆಗೆ ಕಟ್ಟಿದೆಯೆಂದೆವು.

“ಆಗ ನನಗೆ ಹದಿನೇಳು,” ಎಂದನು ಹುಡುಗ.