ಏರಿದ ಘಾಟಿ, ಇಳಿದ ಒತ್ತಡ

ಚಾರ್ಮಾಡಿ ಘಾಟಿಯನ್ನು ನೋಡುವುದಾದರೆ ದಸರಾ ರಜೆಯಲ್ಲೇ ನೋಡಬೇಕು. ಮಳೆಯ ಆರ್ಭಟ ತಗ್ಗಿರುತ್ತದೆ, ಬಂಡೆಗಳ ಮೇಲಿಂದ ಇಳಿಯುವ ನೀರು ಮಾತ್ರ ಇನ್ನೂ ಬತ್ತಿರುವುದಿಲ್ಲ. ಪ್ರತಿ ವರ್ಷ ತರಗತಿಯಲ್ಲಿ ಹೀಗೆ ಹೇಳುತ್ತಿದ್ದ ನಾನು ಸ್ವಂತ ಮಗಳಿಗೇ ಅದನ್ನು ತೋರಿಸಿರಲಿಲ್ಲ. ಕಳೆದ ದಸರೆಗೆ ಆ ಬಾಕಿ ತೀರಿಸಲು ಹೊರಟೆವು. ಬೆಳ್ತಂಗಡಿ ಕಡೆಯಿಂದ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಸಂಜೆಗೆ ಚಿಕ್ಕಮಗಳೂರಿನ ನೆಂಟರ ಮನೆ. ವಾಹನ ನನ್ನ ತಂದೆಯವರು 1988ರಲ್ಲಿ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ. ಆ ಕಾರಿನ ತಯಾರಿಕೆ ನಿಂತು ಎರಡು ದಶಕ ದಾಟಿದ್ದರೂ ನಮ್ಮದು ಇನ್ನೂ ಓಡುತ್ತಿದೆ.

ಹೊರಡುವ ಮುನ್ನ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ‘ನೋಡು, ಇಷ್ಟು ವಯಸ್ಸಾದರೂ ಒಂದು ಹನಿ ಆಯಿಲ್ ಕುಡಿದಿಲ್ಲ’ ಎಂದು ಬೀಗಿದೆ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು ಇಣುಕಿ ನೋಡಿ, ‘ಹೋದ ತಿಂಗಳು ಸರಿಯಾಗಿ ಗೆರೆಗಿತ್ತಲ್ಲ ಅಪ್ಪಾ, ತಾನಾಗಿ ಹೆಚ್ಚಾದದ್ದು ಹೇಗೆ?’ ಎಂದಳು. ‘ಕಾರು ಸಮತಟ್ಟಾಗಿ ನಿಂತಿಲ್ಲ, ಹೊತ್ತಾಯಿತು, ಹತ್ತು’ ಎಂದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಕೊಡಬಾರದಿದ್ದ ಉತ್ತರ ಅದು.

ಚಾರ್ಮಾಡಿ ಊರು ದಾಟಿದೊಡನೆ ರಸ್ತೆ ಏರತೊಡಗುತ್ತದೆ. ಕರಾವಳಿಯ ಸೆಕೆ ಒಂದೊಂದು ತಿರುವಿಗೂ ಹಿಂದುಳಿಯುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚಿತ್ತು. ಕೆಮ್ಮಣ್ಣಿನ ಆ ಗಾಯಗಳಲ್ಲಿ ಈಗ ಹುಲ್ಲು ಚಿಗುರಿದೆ. ಪದ್ಮಿನಿ ಎರಡನೇ ಗೇರಿನಲ್ಲಿ ಗುರುಗುಟ್ಟುತ್ತ ಹತ್ತಿತು. ಅಣ್ಣಪ್ಪಸ್ವಾಮಿ ಗುಡಿಯ ಬಳಿ ಎಲ್ಲರಂತೆ ನಾವೂ ನಿಂತು ಕೈಮುಗಿದೆವು. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿತ್ತು. ಆಗಲೇ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿತು. ಅದು ಆಯಿಲ್ ಪ್ರೆಷರಿನ ದೀಪ.

ಆಕ್ಸಿಲರೇಟರ್ ಒತ್ತಿದೆ, ದೀಪ ಆರಿತು. ‘ಸ್ವಿಚ್ಚು ಕೆಟ್ಟಿರಬೇಕು’ ಎಂದು ನನಗೆ ನಾನೇ ಹೇಳಿಕೊಂಡು ಮುಂದುವರಿದೆ. ಕೊಟ್ಟಿಗೆಹಾರದ ವೃತ್ತದಲ್ಲಿ ನಿಲ್ಲಿಸಿದಾಗ ದೀಪ ಮಿಣುಕಲಿಲ್ಲ, ಸ್ಥಿರವಾಗಿ ಉರಿಯಿತು. ಎಂಜಿನ್ ಆರಿಸಿ, ಹತ್ತಿರದ ಗ್ಯಾರೇಜಿಗೆ ಕಾರನ್ನು ಮೂವರೂ ತಳ್ಳಿಕೊಂಡು ಹೋದೆವು.

ಗ್ಯಾರೇಜಿನ ಹಿರಿಯರು ಅವಸರಪಡಲಿಲ್ಲ. ಮೊದಲು ಕೇಳಿದ್ದು, ‘ಎಂಜಿನ್ ಒಳಗೆ ಬಡಿದ ಸದ್ದು ಬಂತಾ ಮೇಷ್ಟ್ರೇ?’ ಇಲ್ಲವೆಂದೆ. ದೀಪದ ಜತೆ ಸದ್ದೂ ಇದ್ದರೆ ಒಂದು ಮಾರು ದೂರವೂ ಓಡಿಸಬಾರದಂತೆ. ಮುಂದೆ, ದೀಪ ಹೇಳಿದ್ದು ನಿಜವೋ ಸುಳ್ಳೋ ಎಂಬ ಪರೀಕ್ಷೆ. ಎಂಜಿನ್ನಿನ ಪಕ್ಕದಲ್ಲಿದ್ದ ಪುಟ್ಟ ಸ್ವಿಚ್ಚನ್ನು ಬಿಚ್ಚಿ, ಅದೇ ತೂತಿಗೆ ಗೇಜು ತಿರುಗಿಸಿದರು. ಬಿಸಿ ಎಂಜಿನ್ನನ್ನು ಅರೆ ನಿಮಿಷವಷ್ಟೇ ಓಡಿಸಿದಾಗ ಮುಳ್ಳು 5 ಪೌಂಡಿನ ಬಳಿ ತೂಗಾಡಿತು. ಕಾರಿನ ಚಕ್ರದ ಗಾಳಿಯೇ 25 ಪೌಂಡಿನ ಆಸುಪಾಸಿನಲ್ಲಿರುತ್ತದೆ ಎಂದರೆ ಇದು ಎಷ್ಟು ಕಡಿಮೆಯೆಂದು ಊಹಿಸಬಹುದು. ಸ್ವಿಚ್ಚು ಸುಳ್ಳು ಹೇಳಿರಲಿಲ್ಲ.

ವಿದ್ಯಾರ್ಥಿ ಮಿತ್ರರು ಇಲ್ಲೊಂದು ವಿಷಯ ಗಮನಿಸಬೇಕು. ಆಯಿಲ್ ಪಂಪು ಮಾಡುವುದು ಆಯಿಲನ್ನು ತಳ್ಳುವ ಕೆಲಸ ಮಾತ್ರ. ಬೇರಿಂಗುಗಳ ಕೂದಲೆಳೆಯಂಥ ಸಂದುಗಳಲ್ಲಿ ನುಸುಳುವಾಗ ಆಯಿಲಿಗೆ ಎದುರಾಗುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಸಂದು ಸವೆದು ಅಗಲವಾದರೂ ಒತ್ತಡ ಇಳಿಯುತ್ತದೆ, ಆಯಿಲೇ ತೆಳುವಾದರೂ ಇಳಿಯುತ್ತದೆ. ಘಾಟಿ ಹತ್ತುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಪಂಪು ಹೆಚ್ಚು ಆಯಿಲ್ ತಳ್ಳುತ್ತದೆ, ಕೊರತೆ ಕಾಣುವುದಿಲ್ಲ. ಬಿಸಿಯಾದ ಎಂಜಿನ್ ನಿಧಾನಕ್ಕೆ ಇಳಿದಾಗ ಗುಟ್ಟು ಬಯಲಾಗುತ್ತದೆ. ನಾನು ಆಕ್ಸಿಲರೇಟರ್ ಒತ್ತಿ ದೀಪ ಆರಿಸಿದ್ದು, ಜ್ವರ ಬಂದವನು ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದಂತಾಗಿತ್ತು.

ಬೇರಿಂಗ್ ಸವೆದಿದ್ದರೆ ಎಂಜಿನ್ ಬಿಚ್ಚಬೇಕು, ಸಾವಿರಾರು ರೂಪಾಯಿಯ ಮಾತು. ನನ್ನ ಮುಖ ಬಾಡಿತು. ಅವರು ಮಾತ್ರ ಡಿಪ್‌ಸ್ಟಿಕ್ ಎಳೆದು ಗೆರೆ ನೋಡಿದರು, ಬೆರಳ ನಡುವೆ ಉಜ್ಜಿದರು, ಮೂಸಿದರು. ಕಿವಿಯ ಮೇಲಿದ್ದ ಬೀಡಿಯನ್ನು ತೆಗೆದು ದೂರದ ಕಟ್ಟೆಯ ಮೇಲಿಟ್ಟು ಬಂದರು. ‘ಮೂಸಿ ನೋಡಿ ಮೇಷ್ಟ್ರೇ.’

ಪೆಟ್ರೋಲ್ ವಾಸನೆ!

ಹಳೆಯ ಪತ್ರಿಕೆಯ ಹಾಳೆಯ ಮೇಲೆ ಒಂದು ಹನಿ ಬಿಟ್ಟರು. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ತೆಳು ಬಣ್ಣದ ಅಗಲ ಉಂಗುರ ಹಬ್ಬಿತು. ಶೋಧಕ ಕಾಗದದ ಮೇಲೆ ಶಾಯಿಯ ಬಣ್ಣ ಬೇರ್ಪಡಿಸುವ ಪ್ರಯೋಗವನ್ನು ನಾನು ಎಷ್ಟು ವರ್ಷ ಮಾಡಿಸಿಲ್ಲ!

ಕಾರಣ ಸಿಕ್ಕಿತು. ಮೆಕ್ಯಾನಿಕ್ಕುಗಳು ಎ.ಸಿ. ಪಂಪು ಎನ್ನುವ ಪೆಟ್ರೋಲ್ ಪಂಪು ಈ ಹಳೆಯ ಕಾರುಗಳಲ್ಲಿ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಅದರೊಳಗೆ ಪೆಟ್ರೋಲನ್ನು ಎಂಜಿನ್ನಿನ ಒಳಭಾಗದಿಂದ ಬೇರ್ಪಡಿಸಿ ಇಟ್ಟಿರುವುದು ಒಂದು ತೆಳು ಪೊರೆ. ಆ ಪೊರೆ ಹರಿದು, ಪೆಟ್ರೋಲ್ ಒಳಗಿಳಿದು ಆಯಿಲಿಗೆ ಬೆರೆಯುತ್ತಿತ್ತು. ಮಟ್ಟ ಏರುತ್ತಿತ್ತು, ಆಯಿಲ್ ನೀರಾಗುತ್ತಿತ್ತು. ಒಂದು ತಿಂಗಳಿಂದ ಮೈಲೇಜು ಇಳಿದದ್ದಕ್ಕೆ ನಾನು ಪೆಟ್ರೋಲ್ ಬಂಕಿನವರನ್ನು ಬೈದುಕೊಂಡಿದ್ದೆ. ಅವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಹೊಸ ಪೊರೆ ಮೂಡಿಗೆರೆಯಿಂದ ಬಸ್ಸಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಕೊಟ್ಟಿಗೆಹಾರದ ಹೆಸರಾಂತ ನೀರುದೋಸೆ ತಿಂದೆವು. ಹೊರಗೆ ಜಿಟಿಜಿಟಿ ಮಳೆ. ಈ ಸೀಮೆಯ ನೆತ್ತಿಯೇ ನೀರನ್ನು ಇಬ್ಭಾಗ ಮಾಡುತ್ತದೆ. ಪಡುವಣ ಇಳಿಜಾರಿನ ಹನಿ ನೇತ್ರಾವತಿಯ ಪಾಲಾಗಿ ಅರಬ್ಬೀ ಸಮುದ್ರಕ್ಕೆ, ಮೂಡಣದ್ದು ಹೇಮಾವತಿಗೆ ಸೇರಿ ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ. ಇದನ್ನು ಮಗಳಿಗೆ ವಿವರಿಸುತ್ತಿದ್ದೆ. ಅವಳ ಗಮನ ಬೇರೆಡೆ ಇತ್ತು. ‘ನಾನು ಬೆಳಿಗ್ಗೆ ಕೇಳಿದ್ದೆನಲ್ಲ ಅಪ್ಪಾ’ ಎಂದಳು, ಮೆಲ್ಲಗೆ.

ಹೌದು, ಕೇಳಿದ್ದಳು. ದ್ರವ್ಯ ತಾನಾಗಿ ಹೆಚ್ಚುವುದಿಲ್ಲ ಎಂದು ಅವಳಿಗೆ ಕಲಿಸಿದವನೇ ನಾನು. ಆಯಿಲ್ ಕಡಿಮೆಯಾಗಿದ್ದರೆ ನೂರು ಕಡೆ ಹುಡುಕುತ್ತಿದ್ದೆ. ಹೆಚ್ಚಾದ್ದರಿಂದ ಖುಷಿಪಟ್ಟು ಸುಮ್ಮನಾದೆ. ಮನಸ್ಸಿಗೆ ಹಿತವಾದ ಅಳತೆಯನ್ನು ನಾವು ಪ್ರಶ್ನಿಸುವುದಿಲ್ಲ. ಮಕ್ಕಳ ಅಂಕಪಟ್ಟಿ ನೋಡುವಾಗಲೂ ನಾವು ಹೆತ್ತವರು ಮಾಡುವುದು ಇದನ್ನೇ. ಕಡಿಮೆ ಬಂದರೆ ನೂರು ಪ್ರಶ್ನೆ, ಹೆಚ್ಚು ಬಂದರೆ ಒಂದೂ ಇಲ್ಲ.

ಪೊರೆ ಬದಲಾಯಿತು. ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ 20ಡಬ್ಲ್ಯು-40 ಹಾಕಿದರು. ಎಂಜಿನ್ ಬಿಸಿಯಾದ ಮೇಲೆ ನಿಧಾನಗತಿಯಲ್ಲೂ ಗೇಜು 18 ತೋರಿಸಿತು. ‘ಇನ್ನೊಂದೆರಡು ಘಾಟಿ ಹೀಗೇ ಹತ್ತಿಸಿದ್ದರೆ ಬೇರಿಂಗ್ ಹೋಗುತ್ತಿತ್ತು. ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ ಆಯಿಲ್ ನೋಡಿಸಿ’ ಎಂದು ಎಚ್ಚರಿಸಿಯೇ ಬಿಟ್ಟುಕೊಟ್ಟರು.

ಚಿಕ್ಕಮಗಳೂರು ತಲುಪಿದಾಗ ರಾತ್ರಿ ಎಂಟೂವರೆ. ಈಗ ಪ್ರತಿ ಭಾನುವಾರ ಡಿಪ್‌ಸ್ಟಿಕ್ ನೋಡುವ ಕೆಲಸ ಮಗಳದ್ದು. ತಾರೀಖು, ಮಟ್ಟ, ವಾಸನೆ, ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಏರಿದರೂ ಕೇಳುತ್ತಾಳೆ, ಇಳಿದರೂ ಕೇಳುತ್ತಾಳೆ. ಹೊತ್ತಾಯಿತೆಂದು ನಾನೀಗ ಹೇಳುವುದಿಲ್ಲ.