ತುಪ್ಪವಿಲ್ಲದ ಪಫ್

ನಮ್ಮ ಅಡುಗೆಮನೆಗಳಲ್ಲಿ ಹಾಲು, ಮೊಸರು, ತುಪ್ಪಗಳು ಶುದ್ಧಾಹಾರವೆಂದು ತಲೆಮಾರುಗಳಿಂದ ಮಾನ್ಯವಾಗಿವೆ. ಆದುದರಿಂದ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗಳು ಹಾಲಿನ ಪದಾರ್ಥಗಳನ್ನೆಲ್ಲ ತ್ಯಜಿಸಿದಾಗ ಹೆಚ್ಚು ನೊಂದವರು ನಮ್ಮ ಅತ್ತೆಯವರು. ತಾವು ಕಾಸಿದ ತುಪ್ಪವನ್ನು ಮೊಮ್ಮಗಳು ಬೇಡವೆಂದುದು ಅವರಿಗೆ ಮನೆಯ ಆಚಾರವನ್ನೇ ಬೇಡವೆಂದಂತೆ ಕೇಳಿಸಿತು. ಕೆಲವು ದಿನ ಒಂದೇ ಪಂಕ್ತಿಯಲ್ಲಿ ಕುಳಿತರೂ ಅವರಿಬ್ಬರ ನಡುವೆ ಮಾತಿರಲಿಲ್ಲ.

ಮಗಳ ವಿಚಾರ ಹೊರಗಿನದೆಂದು ನನಗೆ ತೋರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಕರುವಿನ ಪಾಲನ್ನು ತಡೆದು ಕರೆದ ಹಾಲಿಗೆ ಇದು ಅನ್ವಯಿಸದೇ ಎಂಬುದು ಅವಳ ಪ್ರಶ್ನೆ. ಕರು ಕುಡಿದು ಉಳಿದುದನ್ನು ಮಾತ್ರ ಕರೆಯುತ್ತಿದ್ದ ಕೊಟ್ಟಿಗೆಯನ್ನು ಕಂಡವರು ಅತ್ತೆಯವರು. ಪ್ಯಾಕೆಟ್ಟಿನ ಹಾಲನ್ನಷ್ಟೇ ಕಂಡವಳು ಮಗಳು. ಇಬ್ಬರ ಮಾತೂ ಅವರವರ ಅನುಭವಕ್ಕೆ ಸತ್ಯವೇ ಆಗಿತ್ತು.

ವಾದದಿಂದಾಗದ ಕಾರ್ಯವು ಒಂದು ತಿನಿಸಿನಿಂದಾಯಿತು. ಬೇಕರಿಯ ಪಫ್ ನಮ್ಮ ಮನೆಗೆ ಬರುವುದಿಲ್ಲ. ಅದರೊಳಗೆ ಆಲೂಗಡ್ಡೆ, ಈರುಳ್ಳಿ ಇರುತ್ತವೆ, ಹೊಳಪಿಗೆ ಮೊಟ್ಟೆ ಸವರುವುದೂ ಉಂಟು. ಮಗಳು ಅದನ್ನು ಮನೆಯಲ್ಲಿಯೇ ಮಾಡಲು ಹೊರಟಳು. ಜರಡಿಯಾಡಿದ ಮೈದಾಹಿಟ್ಟನ್ನು ಉಪ್ಪು ಮತ್ತು ಸೋಸಿದ ತಣ್ಣೀರಿನಲ್ಲಿ ಕಲಸಿ, ಲಟ್ಟಿಸಿ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಸವರಿ ಮೂರು ಮಡಿಕೆ ಮಾಡಿದಳು. ಹೀಗೆ ನಾಲ್ಕು ಬಾರಿ ಲಟ್ಟಿಸಿ ಮಡಚಿದರೆ 81 ಪದರಗಳಾಗುತ್ತವೆ. ಈ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಪ್ರತಿ ಮಡಿಕೆಯ ನಂತರವೂ ಹಿಟ್ಟನ್ನು ತಂಪಿನಲ್ಲಿಡಬೇಕು. 200 ಡಿಗ್ರಿಯ ಓವನ್ನಿನಲ್ಲಿ ಹಿಟ್ಟಿನೊಳಗಿನ ನೀರೇ ಹಬೆಯಾಗಿ ಪದರಗಳನ್ನು ಮೇಲೆತ್ತುತ್ತದೆ. ಯೀಸ್ಟ್ ಆಗಲಿ ಮೊಟ್ಟೆಯಾಗಲಿ ಬೇಕಿಲ್ಲ. ಹೊಳಪಿಗೆ ತೆಂಗಿನ ಹಾಲು ಸಾಕು.

ಹೂರಣಕ್ಕೆ ಬೇಯಿಸಿದ ಬಾಳೆಕಾಯಿ, ಬಟಾಣಿ, ಹುರುಳಿಕಾಯಿಗಳನ್ನು ಆರಿಸಿಕೊಂಡಿದ್ದಳು. ಬಾಣಲೆಯನ್ನು ದೂರದಿಂದಲೇ ನೋಡುತ್ತಿದ್ದ ಅತ್ತೆಯವರು, "ಪಲ್ಯದಲ್ಲಿ ನೀರು ಉಳಿದರೆ ತಳ ಬೇಯದು, ಇತ್ತ ಕೊಡು ಮಗೂ" ಎಂದು ಎದ್ದು ಬಂದರು. ಸಾಸಿವೆ, ಇಂಗು, ಹಸಿಮೆಣಸಿನ ಒಗ್ಗರಣೆಯಲ್ಲಿ ನೀರಾರುವವರೆಗೆ ಹುರಿದು, ಹಸಿಶುಂಠಿಗೆ ಬದಲಾಗಿ ಒಣಶುಂಠಿಯ ಪುಡಿ ಬೆರೆಸಿದರು. ಸೂರ್ಯಾಸ್ತಕ್ಕೆ ಮುನ್ನವೇ ಎಲ್ಲರೂ ತಿಂದೆವು. "ರಸತ್ಯಾಗದಲ್ಲಿ ತುಪ್ಪ ಬಿಡುವ ದಿನ ನನಗೂ ಇದಾಗುತ್ತದೆ" ಎಂದರು ಅತ್ತೆಯವರು. ಅವರು ತ್ಯಜಿಸುವುದು ಜಿಹ್ವೆಯನ್ನು ಗೆಲ್ಲಲು, ಇವಳು ತ್ಯಜಿಸಿರುವುದು ಕರುವಿಗಾಗಿ. ಕಾರಣಗಳೆರಡಾದರೂ ತಟ್ಟೆ ಒಂದಾಯಿತು.

ಒಂದು ಎಚ್ಚರಿಕೆ ಅಗತ್ಯ. ಪೊಟ್ಟಣದ ಮೇಲಿನ ಹಸಿರು ಗುರುತು ಹಾಲನ್ನು ನಿಷೇಧಿಸುವುದಿಲ್ಲ. 2022ರ ನಿಯಮಗಳನ್ವಯ ಬಂದ ವೀಗನ್ ಗುರುತು ಹಾಲನ್ನು ಹೊರಗಿಟ್ಟರೂ ಕಂದಮೂಲಗಳನ್ನು ತಡೆಯದು. ಗುರುತು ನಮ್ಮ ವಿವೇಕಕ್ಕೆ ಸಹಾಯಕವೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಬಸದಿಗಳ ಉತ್ಸವಗಳಲ್ಲಿ ಊಟದ ವ್ಯವಸ್ಥೆ ಮಾಡುವ ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿ: ಹಾಲು ತುಪ್ಪಗಳಿಲ್ಲದ ಒಂದು ತಿನಿಸನ್ನಾದರೂ ಪಂಕ್ತಿಗೆ ಸೇರಿಸಿರಿ. ಕರುಣೆಯಿಂದ ಪ್ರಶ್ನೆ ಕೇಳುವ ಮಕ್ಕಳು ಪಂಕ್ತಿಯಿಂದ ಎದ್ದು ಹೋಗುವಂತಾಗಬಾರದು.